ಪೊರಕೆ ಕಡ್ಡಿಗೆ ಪೋಣಿಸಿದ ಕಾರ್ನೇಷನ್

ಇಲ್ಲ, ಗರಿಗಳು ವ್ಯಾನಿನ ಹಿಂಬಾಗಿಲಿನಿಂದ ಹೊರಗೆ ಚಾಚಿಕೊಂಡಿದ್ದವು ಎಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ನಿಜವಿರಲಾರದು. ಬಾಗಿಲು ತೆರೆದಿದ್ದರೆ ಸಿಡ್ನಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಕೆಟ್ಟಿನ ಹೂವೆಲ್ಲ ಗಾಳಿಗೆ ಸುಟ್ಟುಹೋಗುತ್ತಿತ್ತು. ಆದರೂ ಚಿತ್ರ ಕಣ್ಣಿಗೆ ಕಟ್ಟಿದಂತಿದೆ: ಹೆದ್ದಾರಿಯಲ್ಲಿ ನಮ್ಮ ಬಿಳಿ ವ್ಯಾನು ಮುಂದೆ ಓಡುತ್ತಿದೆ, ಅದರ ಬೆನ್ನಿನಿಂದ ಪಾಮ್ ಗರಿಗಳು ಹೊರಬಂದು ಕುಣಿಯುತ್ತಿವೆ, ಪಕ್ಕದ ಲಾರಿಯವನು ಹಾರ್ನ್ ಹೊಡೆದು ನಗುತ್ತಿದ್ದಾನೆ. ಹಿಂದಿನ ಕಾರಿನಲ್ಲಿ ಕೂತು ನೋಡಿದ ಹಾಗೆ. ತೊಂದರೆ ಏನೆಂದರೆ, ನಾನು ಆ ವ್ಯಾನಿನ ಒಳಗಿದ್ದೆ.

ಇದೊಂದು ತೀರ್ಮಾನವಾಗಲಿ ಎಂದು ಹಿಲ್ಡಾ ಬಾಯಿಗೆ ಫೋನ್ ಮಾಡಿದೆ. ಅವತ್ತು ವ್ಯಾನ್ ಓಡಿಸಿದವರು ಅವರೇ. ಮಂಗಳೂರಿನವರು, ಗಲ್ಫ್‌ನಲ್ಲಿ ಕೆಲವು ವರ್ಷ ಇದ್ದು ಸಿಡ್ನಿಗೆ ಬಂದವರು. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಹೂವಿನ ಅಂಗಡಿಯ ಡೆಲಿವರಿ ಪೂರ್ತಿ ಅವರ ಕೈಯಲ್ಲಿತ್ತು.

"ಎಂತ ಬಾಗಿಲು ತೆರೆದದ್ದು ಮಾರಾಯ್ತಿ? ಆ ವ್ಯಾನಿನ ಬಾಗಿಲು ಸರಿಯಾಗಿ ಮುಚ್ಚಿದ್ದು ಯಾವಾಗ? ಹಗ್ಗ ಕಟ್ಟಿಕೊಂಡು ಹೋದದ್ದಲ್ವಾ ನಾವು" ಎಂದರು.

"ಹಾಗಾದ್ರೆ ಗರಿ ಹೊರಗಡೆ ಇತ್ತು ಅಂತೀರಾ?"

"ಗರಿ ನಂಗೆ ನೆನಪಿಲ್ಲ. ನೀನು ದಾರಿ ಉದ್ದಕ್ಕೂ ಹಾಡಿದ್ದು ನೆನಪುಂಟು. ಕೇಳ್ಲಿಕ್ಕೆ ಆಗ್ತಿರ್ಲಿಲ್ಲ."

ನಾನು ಹಾಡಿರಲಿಲ್ಲ. ಹಾಡಿದ್ದು ನನ್ನ ಪಕ್ಕ ಕೂತಿದ್ದ ಗೆಳತಿ ಎಲ್ಸಾ. ನನಗೆ ಖಂಡಿತ ಗೊತ್ತು. ಅಂದರೆ, ಲಾರಿಯವನ ಹಾರ್ನ್ ಎಷ್ಟು ಖಂಡಿತವೋ ಅಷ್ಟೇ ಖಂಡಿತ.

ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸ್‌ನಲ್ಲಿ ಹೊಸ ಮನೆ ಕಟ್ಟಿಸಿ, ಅದರ ಗ್ಯಾರೇಜಿನಲ್ಲೇ ಮದುವೆ ಮಂಟಪದ ಹೂವಿನ ವ್ಯಾಪಾರ ಶುರು ಮಾಡಿರುವ ಮೇಘನಾ ಎಂಬ ಹುಡುಗಿ ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. "ಆಂಟಿ, ನಿಮ್ಮ ಎಕ್ಸ್‌ಪೀರಿಯೆನ್ಸ್ ಬರೀರಿ, ಟಿಪ್ಸ್ ಥರ, ಪಾಯಿಂಟ್ ಪಾಯಿಂಟಾಗಿ" ಎಂದಿದ್ದಾಳೆ. ಪಾಯಿಂಟುಗಳು ನನ್ನ ಹತ್ತಿರ ಇಲ್ಲಮ್ಮ. ಇರುವುದು ಒಂದಿಷ್ಟು ಚಿತ್ರ. ಕೆಲವನ್ನು ನಾನು ನೋಡಿದ್ದೇನೆ, ಕೆಲವನ್ನು ಯಾರೋ ಹೇಳಿದ್ದಾರೆ, ಕೆಲವನ್ನು ನಾನೇ ಹೇಳಿ ಹೇಳಿ ನೋಡಿದಂತಾಗಿದೆ. ನೀನೇ ಆರಿಸಿಕೊ.

ಎಂಬತ್ತರ ದಶಕದ ಕೊನೆಯಲ್ಲಿ ಇವರ ಜೊತೆ ಸಿಡ್ನಿಗೆ ಬಂದೆ. ಇವರು ಎಂಜಿನಿಯರ್, ಬಂದ ತಿಂಗಳೇ ಕೆಲಸ ಸಿಕ್ಕಿತು. ನನ್ನ ಬಾಟನಿ ಎಂ.ಎಸ್‌ಸಿ. ಯಾರಿಗೂ ಬೇಕಾಗಲಿಲ್ಲ. ಪ್ಯಾರಮಾಟದ ಆಚೆಗಿನ ಒಂದು ಸಬರ್ಬ್‌ನಲ್ಲಿ ಹೂವಿನ ಅಂಗಡಿಯ ಬಾಗಿಲಿಗೆ ಕೆಲಸ ಖಾಲಿ ಇದೆ ಎಂಬ ಚೀಟಿ ಅಂಟಿಸಿದ್ದರು. ಒಳಗೆ ಹೋದೆ. ಮಾಲೀಕರ ಹೆಸರು ಮರ್ಲ್. ಐವತ್ತು ದಾಟಿದ ಹೆಂಗಸು, ದರ್ಜಿಯವರ ಹಾಗೆ ಕೊರಳಲ್ಲಿ ಯಾವಾಗಲೂ ಅಳತೆ ಟೇಪು, ಶನಿವಾರ ಬಂದರೆ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಲಾನ್ ಬೌಲ್ಸ್ ಆಟ. ಮರ್ಲ್ ಆಡಿದ್ದೆಲ್ಲ ಇಂಗ್ಲಿಷೇ ಇರಬೇಕು. ಆದರೆ ನನ್ನ ನೆನಪಿನಲ್ಲಿ ಅವರು ಅಪ್ಪಟ ಬೆಂಗಳೂರು ಕನ್ನಡ ಮಾತಾಡುತ್ತಾರೆ. ಎಷ್ಟು ಪ್ರಯತ್ನಪಟ್ಟರೂ ಇಂಗ್ಲಿಷಿನಲ್ಲಿ ಕೇಳಿಸುವುದಿಲ್ಲ, "ಲವ್" ಎಂಬ ಒಂದು ಶಬ್ದ ಬಿಟ್ಟು. ಹಾಗಾಗಿ ಇಲ್ಲಿ ಹಾಗೆಯೇ ಬರೆಯುತ್ತೇನೆ.

"ಹೂವಿನ ಕೆಲಸ ಗೊತ್ತಾ?"

"ಗೊತ್ತು" ಎಂದೆ. ಬಕೆಟ್ಟಿನಲ್ಲಿ ಬಿದ್ದಿದ್ದ ಮುರುಕು ಕಾರ್ನೇಷನ್‌ಗಳನ್ನು ತೆಗೆದುಕೊಂಡು, ಪೊಟ್ಟಣ ಕಟ್ಟುವ ದಾರದಿಂದ ಬೆರಳಲ್ಲೇ ಗಂಟು ಹಾಕುತ್ತಾ ಒಂದು ಮೊಳ ಕಟ್ಟಿಬಿಟ್ಟೆ. ಬೆಂಗಳೂರಿನಲ್ಲಿ ಇದನ್ನು ಯಾವ ಹುಡುಗಿಯೂ ಕಲಿಯುವುದಿಲ್ಲ, ಅಮ್ಮನ ಪಕ್ಕ ಕೂತಿದ್ದರೆ ಬಂದುಬಿಡುತ್ತದೆ.

ಮರ್ಲ್ ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಲವ್. ಆದ್ರೆ ಇದು ಡಿಸೈನ್ ಅಲ್ಲ, ಹೆಣಿಗೆ. ಸೋಮವಾರದಿಂದ ಬಾ."

ಆ ಸೋಮವಾರದಿಂದ ಕಾಂಡದ ಎಲೆ ಕೀಳುವ ಕೆಲಸ, ಬಕೆಟ್ ತೊಳೆಯುವ ಕೆಲಸ. ಕನ್ನಡ ಗೆಳೆಯರ ಮನೆಗಳಿಗೆ ಊಟಕ್ಕೆ ಹೋದಾಗ ಒಬ್ಬ ಡಾಕ್ಟರ ಹೆಂಡತಿ ನನ್ನನ್ನು ನೋಡಿದೊಡನೆ "ಬಂದ್ಲಪ್ಪ ನಮ್ಮ ಹೂವಾಡಗಿತ್ತಿ, ಮೊಳ ಹೇಗಮ್ಮ?" ಎನ್ನುತ್ತಿದ್ದರು. ಮೊದಲು ಮುಖ ಸಣ್ಣದಾಗುತ್ತಿತ್ತು. ಆಮೇಲೆ "ನಿಮಗಾದ್ರೆ ಸ್ವಲ್ಪ ಜಾಸ್ತಿ" ಎನ್ನುವುದನ್ನು ಕಲಿತೆ.

ಆ ಕಾಲದ ಹೂವಿನ ಕೆಲಸ ಎಂದರೆ ರೇಖಾಗಣಿತ. ತ್ರಿಕೋನ, ಅರ್ಧಚಂದ್ರ, ಎಸ್ ಆಕಾರ. ಹೂದಾನಿಯ ಎತ್ತರ ಎಷ್ಟೋ ಅದರ ಒಂದೂವರೆಯಷ್ಟು ಹೂವಿನ ಎತ್ತರ. ಮರ್ಲ್ ಟೇಪು ಹಿಡಿದು ಅಳೆಯುತ್ತಿದ್ದರು. ಒಂದೊಂದು ಹೂವಿನ ಕತ್ತಿಗೂ ತಂತಿ ಚುಚ್ಚಿ ಬೇಕಾದ ಕಡೆ ಬಗ್ಗಿಸಬೇಕಿತ್ತು. ನಾನು ಸೇರಿದಾಗ ಹಳಬರು ಇನ್ನೂ ಕೋಳಿಬಲೆಯ ತಂತಿ ಸುತ್ತಿ ಅದರೊಳಗೆ ಹೂ ನಿಲ್ಲಿಸುತ್ತಿದ್ದರು. ಆಮೇಲೆ ಹಸಿರು ಫೋಮ್ ಬಂತು, ಬೆಣ್ಣೆಗೆ ಚುಚ್ಚಿದ ಹಾಗೆ ಚುಚ್ಚಬಹುದು, ಕೋಳಿಬಲೆ ಕಸಕ್ಕೆ ಹೋಯಿತು. ಈಗ ಮೇಘನಾ ನನಗೆ ಪಾಠ ಹೇಳುತ್ತಾಳೆ: "ಆಂಟಿ, ಫೋಮ್ ಎನ್‌ವಿರಾನ್‌ಮೆಂಟ್‌ಗೆ ಒಳ್ಳೇದಲ್ಲ, ನಾವೀಗ ಚಿಕನ್ ವೈರ್ ಯೂಸ್ ಮಾಡ್ತೀವಿ, ತುಂಬ ಮಾಡರ್ನ್."

ನಾನು ಮಾಡಿದ ಎಡವಟ್ಟುಗಳಲ್ಲಿ ಒಂದನ್ನು ಹೇಳಿ ಮುಂದೆ ಹೋಗುತ್ತೇನೆ. ಒಬ್ಬ ಇಟಾಲಿಯನ್ ಗಿರಾಕಿ ತನ್ನ ತಾಯಿಯ ಹುಟ್ಟುಹಬ್ಬಕ್ಕೆ ಬೊಕೆ ಬೇಕೆಂದ. ನಾನು ಆರಿಸಿ ಆರಿಸಿ ಬಿಳಿ ಸೇವಂತಿಗೆಯನ್ನು ಕಟ್ಟಿ ಕಳಿಸಿದೆ. ಆಸ್ಟ್ರೇಲಿಯದವರು ತಾಯಂದಿರ ದಿನಕ್ಕೆ ಕೊಡುವುದೂ ಸೇವಂತಿಗೆಯನ್ನೇ, ನಾವು ಮುಡಿಯುವುದೂ ಅದನ್ನೇ. ಮಾರನೆಯ ಬೆಳಿಗ್ಗೆ ಆ ತಾಯಿಯೇ ಅಂಗಡಿಗೆ ಬಂದರು. ಕಪ್ಪು ಉಡುಪಿನ ಗಟ್ಟಿಮುಟ್ಟಾದ ಮುದುಕಿ, ಇಂಗ್ಲಿಷ್ ಬಾರದು. ಬೊಕೆಯನ್ನು ಎದೆಯ ಮೇಲೆ ಇಟ್ಟುಕೊಂಡು, ಕೈ ಕಟ್ಟಿ, ಕಣ್ಣು ಮುಚ್ಚಿ, ಕೌಂಟರಿಗೆ ಒರಗಿ ಸತ್ತುಹೋದರು. ಆಮೇಲೆ ಒಂದು ಕಣ್ಣು ಮಾತ್ರ ತೆರೆದು ನನಗೆ ಅರ್ಥವಾಯಿತೇ ಎಂದು ನೋಡಿದರು.

"ಅವರಿಗಿನ್ನೂ ಜೀವ ಇದೆಯಂತೆ ಲವ್" ಎಂದರು ಮರ್ಲ್. "ಜೀವ ಇರೋರಿಗೆ ಕೊಡೋ ಹೂವು ಬೇಕಂತೆ."

ಆ ಮುದುಕಿ ನಿಜವಾಗಿ ಬಂದಿದ್ದರೋ, ಅವರ ಮಗ ಬಂದು ಬೈದದ್ದನ್ನು ಹಿಲ್ಡಾ ಬಾಯಿ ಹೀಗೆ ಅಭಿನಯಿಸಿ ತೋರಿಸಿದ್ದರೋ ಎಂಬ ಅನುಮಾನ ಈಗ ಬರುತ್ತಿದೆ. ತೆರೆದ ಆ ಒಂದು ಕಣ್ಣು ಹಿಲ್ಡಾ ಬಾಯಿಯದರ ಹಾಗೇ ಕಾಣುತ್ತದೆ.

ಕೆಲವು ವರ್ಷಗಳಾದ ಮೇಲೆ ಕೈ ಪಳಗಿತು, ತ್ರಿಕೋನ ಬೇಸರವಾಯಿತು. ಮರ್ಲ್ ಊಟಕ್ಕೆ ಹೋದ ಹೊತ್ತು ನೋಡಿ ಅಂಗಡಿಯ ಕಿಟಕಿಯಲ್ಲಿ ಪ್ರಯೋಗ ಮಾಡತೊಡಗಿದೆ. ಗುಲಾಬಿ ಗಿಡವನ್ನು ಬೇರು ಮೇಲೆ ಮಾಡಿ ನೇತುಹಾಕಿದೆ. ಬೆಂಗಳೂರಿನಿಂದ ತಂದಿದ್ದ ಹಳೆಯ ಪ್ರೆಷರ್ ಕುಕ್ಕರಿನಲ್ಲಿ ನೀಲಿ ಐರಿಸ್ ತುಂಬಿ, ವಿಶಲ್ ಕೂರುವ ತೂತಿನಿಂದ ಒಂದೇ ಒಂದು ಹುಲ್ಲಿನ ಎಸಳನ್ನು ಹೊರಗೆ ಬರಿಸಿದೆ. ನನ್ನ ಮಟ್ಟಿಗೆ ಅದು ಕುದಿಯುವ ಒಂದು ಮನೆಯ ಚಿತ್ರವಾಗಿತ್ತು.

"ಬೆಳಗ್ಗೆಯಿಂದ ಜನ ಬಂದು ಕೇಳ್ತಿದಾರೆ, ಪಾತ್ರೆ ರಿಪೇರಿ ಮಾಡ್ತೀರಾ ಅಂತ" ಎಂದರು ಮರ್ಲ್. "ತೆಗಿ ಲವ್. ಸಂಜೆ ಒಳಗೆ ತೆಗಿ."

ಮರ್ಲ್ ಕೆಟ್ಟವರಲ್ಲ. ನಿಯಮ ಇದ್ದರೆ ಮಾತ್ರ ಅವರಿಗೆ ನಿದ್ದೆ ಬರುತ್ತಿತ್ತು. ಹೂವಿನ ಸ್ಪರ್ಧೆಗಳ ನಿಯಮಪುಸ್ತಕ ಅವರಿಗೆ ಬಾಯಿಪಾಠ. ಆದರೆ ನನಗೆ ಇನ್ನೊಂದು ತ್ರಿಕೋನ ಮಾಡಿದರೆ ಉಸಿರು ಕಟ್ಟುತ್ತದೆ ಎನ್ನುವ ಸ್ಥಿತಿ. ಒಂದು ಲ್ಯಾಬಿನಲ್ಲಿ ಸಹಾಯಕಿಯ ಕೆಲಸ ಸಿಗುವುದರಲ್ಲಿತ್ತು. ಸ್ವಂತವಾಗಿ ಏನನ್ನಾದರೂ ಮಾಡಲು ಆ ಕಿಟಕಿ ಸಿಗದಿದ್ದರೆ ಹೂವಿನ ಕೆಲಸವನ್ನೇ ಬಿಡುವುದೆಂದು ಮನಸ್ಸಿನಲ್ಲಿ ನಿರ್ಧರಿಸಿಬಿಟ್ಟಿದ್ದೆ. ಇವರಿಗೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ಮೇ ತಿಂಗಳು ಎಲ್ಸಾ ಅಂಗಡಿಗೆ ಬಂದಳು. ಎಲ್ ಸಾಲ್ವಡಾರ್‌ನವಳು, ಅಲ್ಲಿನ ಯುದ್ಧದ ಕಾಲದಲ್ಲಿ ಊರು ಬಿಟ್ಟು ಬಂದವಳು, ನನಗಿಂತ ಚಿಕ್ಕವಳು. ಕಾರ್ನೇಷನ್‌ಗಳ ದೊಡ್ಡ ಕಟ್ಟನ್ನೇ ಕೊಂಡಳು. ಕೊಂಡವಳು ಕೌಂಟರಿನ ಮೇಲೇ ಒಂದೊಂದಾಗಿ ಅವುಗಳ ಕತ್ತು ಮುರಿದು, ಹೂವನ್ನು ಚೀಲಕ್ಕೆ ಹಾಕಿಕೊಂಡು, ಕಾಂಡವನ್ನು ನಮಗೇ ಬಿಟ್ಟಳು.

"ಏಯ್, ಏಯ್, ಏಯ್" ಎಂದು ಮರ್ಲ್ ಒಳಗಿನಿಂದ ಓಡಿಬಂದರು. "ಅಷ್ಟುದ್ದ ಕಾಂಡ ಬೆಳೆಯೋಕೆ ಬೆಳೆಗಾರರಿಗೆಷ್ಟು ಕಷ್ಟ ಗೊತ್ತಾ?"

"ಕಾಂಡ ಇದೆ" ಎಂದಳು ಎಲ್ಸಾ. ಅವಳ ಇಂಗ್ಲಿಷ್ ಆಗ ಅಷ್ಟೇ ಇತ್ತು. "ಬೇರೆ ಕಾಂಡ. ಭಾನುವಾರ. ನೀನು ಬಾ." ಬೆರಳು ನನ್ನ ಕಡೆಗಿತ್ತು.

ಭಾನುವಾರ ಅವಳು ಬರೆದುಕೊಟ್ಟ ವಿಳಾಸ ಹಿಡಿದು ಫೇರ್‌ಫೀಲ್ಡ್ ಕಡೆಯ ಒಂದು ಚರ್ಚಿನ ಹಿಂದಿನ ಅಂಗಳಕ್ಕೆ ಹೋದೆ. ಸಿಡ್ನಿಯ ಹಿತ್ತಿಲುಗಳಲ್ಲೆಲ್ಲ ಬೆಳೆಯುತ್ತದಲ್ಲ, ತೆಂಗಿನಂತೆ ಕಾಣುವ, ಆದರೆ ತೆಂಗಲ್ಲದ ಪಾಮ್, ಅದರ ಗರಿಗಳನ್ನು ರಾಶಿ ಹಾಕಿಕೊಂಡು ಹೆಂಗಸರು ಕೂತಿದ್ದರು. ಪ್ರತಿ ಎಲೆಯ ಹಸಿರನ್ನು ಎರಡೂ ಬದಿಯಿಂದ ಸೀಳಿ ತೆಗೆದು ನಡುವಿನ ಕಡ್ಡಿಯನ್ನು ಮಾತ್ರ ಉಳಿಸುವುದು. ಆ ಕಡ್ಡಿಗೆ ಕಾಂಡವಿಲ್ಲದ ಹೂವುಗಳನ್ನು ಒಂದರ ಮೇಲೊಂದು ಪೋಣಿಸುವುದು. ಹೀಗೆ ಗರಿಯ ಎಲ್ಲ ಕಡ್ಡಿಗಳಿಗೂ. ಮುಗಿದ ಮೇಲೆ ಒಬ್ಬಳು ಎದ್ದು ಗರಿಯನ್ನು ಎತ್ತಿ ಹಿಡಿದಳು. ಕಡ್ಡಿಗಳೆಲ್ಲ ಹೂವಿನ ಭಾರಕ್ಕೆ ಬಾಗಿ, ಅವಳ ತಲೆಯ ಸುತ್ತ ಇಳಿಬಿದ್ದು, ಅವಳು ನಡೆದಂತೆ ತೂಗಾಡಿದವು. ಅವರ ಊರಿನ ಕಡೆ ಮೇ ತಿಂಗಳಲ್ಲಿ ಹೆಂಗಸರು ಇಂಥ ಗರಿಗಳನ್ನು ಹಿಡಿದು ಕ್ರೈಸ್ತರ ಮಾತೆ ಮರಿಯಮ್ಮನಿಗೆ ಮೆರವಣಿಗೆ ಹೋಗುತ್ತಾರಂತೆ.

ನಾನು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ. ತ್ರಿಕೋನವಿಲ್ಲ, ಅರ್ಧಚಂದ್ರವಿಲ್ಲ, ಒಂದೂವರೆಯೂ ಇಲ್ಲ. ಡಿಸೈನ್ ಎನ್ನುವುದು ನಿಂತುಕೊಂಡಿರಬೇಕೆಂದು ಇಷ್ಟು ವರ್ಷ ನಂಬಿದ್ದೆ. ಇದು ನಡೆಯುತ್ತಿತ್ತು.

ಅದಾಗಿ ಕೆಲವು ವಾರಗಳಿಗೆ ಮೆಲ್ಬರ್ನ್‌ನ ವಸಂತದ ಪುಷ್ಪಸ್ಪರ್ಧೆಯ ವಿಷಯ ಪ್ರಕಟವಾಯಿತು: 'ಲ್ಯಾಟಿನ್ ಹಬ್ಬ'. ಮರ್ಲ್ ಆಗಲೇ ಕೆಂಪು ಗುಲಾಬಿ, ಕಪ್ಪು ಲೇಸಿನ ಬೀಸಣಿಗೆ, ಒಂದು ಗಿಟಾರ್ ಎಂದು ಯೋಜನೆ ಹಾಕಿದ್ದರು. ನಾನು ಗರಿಯ ವಿಷಯ ಹೇಳಿದೆ. ಬಹಳ ಹೊತ್ತು ಹೇಳಿದೆನೆಂದು ಕಾಣುತ್ತದೆ. ಕೊನೆಗೆ ಮರ್ಲ್ ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಸರಿ. ನೀನೇ ಮಾಡು. ಅಲ್ಲಿ ಮೊದಲ ಮೂರರಲ್ಲಿ ಬಂದ್ರೆ ಕಿಟಕಿ ನಿನ್ನದು, ಕುಕ್ಕರ್ ಆದ್ರೂ ಇಡು, ಕಮೋಡ್ ಆದ್ರೂ ಇಡು. ತೀರ್ಪುಗಾರರು ನಿನ್ನನ್ನ ಸೋಲಿಸಿದ್ರೆ ಆಮೇಲೆ ಕಿಟಕಿ ಮುಟ್ಟೋ ಹಾಗಿಲ್ಲ. ಒಪ್ಪಿಗೆನಾ?"

"ಒಪ್ಪಿಗೆ" ಎಂದೆ. ಹಿಲ್ಡಾ ಬಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ನಾನು ಅಭ್ಯಾಸಕ್ಕೆಂದು ಗರಿಯೊಂದನ್ನು ಸೀಳಿ ಕಡ್ಡಿ ತೆಗೆದದ್ದನ್ನು ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಇದು ಹಿಡಿಸೂಡಿ ಅಲ್ವಾ ಮಾರಾಯ್ತಿ? ಗುಡಿಸುವ ಹಿಡಿಸೂಡಿಗೆ ಹೂ ಸಿಕ್ಕಿಸಿ ಮೆಲ್ಬರ್ನಿಗೆ ತೆಗೆದುಕೊಂಡು ಹೋಗುದಾ? ನಿನ್ನ ತಲೆ ಸರಿ ಉಂಟಾ?"

"ನಮ್ಮ ಕಡೆ ಕಡ್ಡಿ ಪೊರಕೆ ಅಂತೀವಿ."

"ಏನಾದ್ರೂ ಹೇಳು. ಬಹುಮಾನ ಬರ್ಲಿಕ್ಕಿಲ್ಲ. ಬಂದ್ರೆ ಗುಡಿಸ್ಲಿಕ್ಕೆ ಆಗ್ತದೆ."

ಎಲ್ಸಾಳನ್ನು ಒಪ್ಪಿಸಲು ಹೋದಾಗ ಅವಳು ಎರಡು ಷರತ್ತು ಹಾಕಿದಳು. ಒಂದು, ಅಗಲ ಅಂಚಿನ ಸೊಂಬ್ರೆರೊ ಟೋಪಿ ಇಡಬಾರದು, ಅದು ಅವಳ ದೇಶದ್ದೇ ಅಲ್ಲ. ಬಂದಾಗಿನಿಂದ ಯಾರಿಗೆ ಊರಿನ ಹೆಸರು ಹೇಳಿದರೂ ಆ ಟೋಪಿಯ ಬಗ್ಗೆಯೇ ಕೇಳುತ್ತಾರೆ, ಸಾಕಾಗಿದೆ. ಎರಡು, ಗರಿಯ ಕೆಳಗೆ ಮರಿಯಮ್ಮ ಇರಲೇಬೇಕು. ಇಲ್ಲದಿದ್ದರೆ ಅದು ಬೀಸಣಿಗೆ. ನಾನು ಚೆಂಡುಹೂವನ್ನೂ ಸೇರಿಸೋಣ, ಬಣ್ಣ ಚೆನ್ನಾಗಿರುತ್ತದೆ ಎಂದೆ.

"ಬೇಡ. ಅದು ಸತ್ತವರಿಗೆ."

"ನಮ್ಮಲ್ಲಿ ಹಬ್ಬಕ್ಕೆ ಬಸ್ಸಿಗೂ ಹಾಕ್ತೀವಿ ಎಲ್ಸಾ."

ಅವಳು ಸ್ವಲ್ಪ ಯೋಚಿಸಿದಳು. "ಬಸ್ಸು ಸತ್ತಿದೆಯಾ?"

ಮರಿಯಮ್ಮನನ್ನು ಹುಡುಕುವುದು ಕಷ್ಟವಾಯಿತು. ಅಂಗಡಿಗಳಲ್ಲಿದ್ದ ವಿಗ್ರಹಗಳನ್ನೆಲ್ಲ ಎಲ್ಸಾ ನೋಡಿ, ಮುಖ ಸರಿಯಿಲ್ಲ ಎಂದು ತಳ್ಳಿಹಾಕಿದಳು. ಕೊನೆಗೆ ಹಿಲ್ಡಾ ಬಾಯಿಯ ಮನೆಯ ಆಲ್ತಾರಿನಲ್ಲಿ, ಅಂದರೆ ದೇವರ ಪೀಠದಲ್ಲಿ, ಇದ್ದ ಪುಟ್ಟ ಶಿಶು ಮರಿಯಮ್ಮ ಅವಳಿಗೆ ಒಪ್ಪಿಗೆಯಾಯಿತು. ಹಿಲ್ಡಾ ಬಾಯಿಗೆ ಕೊಡಲು ಮನಸ್ಸಿಲ್ಲ. ಏಕೆಂದರೆ ಸ್ಪರ್ಧೆ ಇದ್ದದ್ದು ಸೆಪ್ಟೆಂಬರಿನ ಮೊದಲ ವಾರ. ಮಂಗಳೂರಿನ ಕ್ರೈಸ್ತರಿಗೆ ಅದು ಮೊಂತಿ ಹಬ್ಬದ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ನಡೆಯುವ ಕಾಲ. ಮರಿಯಮ್ಮನ ಹುಟ್ಟುಹಬ್ಬಕ್ಕೆ ಮುಂಚಿನ ಆ ದಿನಗಳಲ್ಲಿ ಮಕ್ಕಳು ದಿನವೂ ತಟ್ಟೆಯಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ಹೋಗುತ್ತಾರೆ, ಕೊಂಕಣಿ ಹಾಡಿನ ಪಲ್ಲವಿ ಬಂದಾಗಲೆಲ್ಲ ಶಿಶು ಮರಿಯಮ್ಮನ ಮೇಲೆ ಹಿಡಿಹಿಡಿಯಾಗಿ ಹೂ ಎಸೆಯುತ್ತಾರೆ. ಇಗರ್ಜಿ ದೂರವಿದ್ದವರು ಮನೆಯಲ್ಲೇ ಮಾಡುತ್ತಾರೆ.

"ನೊವೆನಾದಲ್ಲಿ ಅವಳನ್ನು ಹೂವಿಲ್ಲದೆ ಇಡ್ಲಿಕ್ಕಿಲ್ಲ" ಎಂದರು ಹಿಲ್ಡಾ ಬಾಯಿ.

"ಹೂವಿಲ್ಲದೆ ಎಲ್ಲಿ ಇಡ್ತೀವಿ ಹಿಲ್ಡಾ ಬಾಯಿ, ಹೂವಿನ ಸ್ಪರ್ಧೆ ಅಲ್ವಾ ಅದು" ಎಂದೆ. ಆ ಮಾತು ಅವರಿಗೆ ಸರಿಯೆನಿಸಿತು.

ಆಮೇಲೆ ವ್ಯಾನು. ಹಿಲ್ಡಾ ಬಾಯಿ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಮರ್ಲ್ ನಿಯಮಪುಸ್ತಕ ಹಿಡಿದು, ಹಿಂದೆ ಬಕೆಟ್ಟುಗಳ ನಡುವೆ ನಾನು ಮತ್ತು ಎಲ್ಸಾ, ಎಲ್ಸಾಳ ಮಡಿಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಶಿಶು ಮರಿಯಮ್ಮ. ಹಿಲ್ಡಾ ಬಾಯಿಗೂ ಎಲ್ಸಾಳಿಗೂ ಇಬ್ಬರಿಗೂ ಸರಿಯಾಗಿ ಬರುವ ಭಾಷೆ ಇರಲಿಲ್ಲ, ಆದರೂ ದಾರಿಯುದ್ದಕ್ಕೂ ಮಾತು. ಮೇಜು, ಪಾದ್ರಿ, ಸಾಬೂನು ಎಂದು ಒಬ್ಬರು ಕೊಂಕಣಿಯಲ್ಲಿ ಹೇಳಿದರೆ ಇನ್ನೊಬ್ಬರ ಸ್ಪ್ಯಾನಿಷಿನಲ್ಲೂ ಹತ್ತಿರ ಹತ್ತಿರ ಅದೇ ಬರುತ್ತಿತ್ತು. ಆ ಮೂರು ಶಬ್ದ ಇಟ್ಟುಕೊಂಡು ಅವರು ಗಂಡಂದಿರನ್ನು ಬೈದುಕೊಂಡರೆಂದು ನನ್ನ ಊಹೆ. ಮರ್ಲ್ ಮಾತ್ರ ಪುಸ್ತಕದಿಂದ ತಲೆ ಎತ್ತದೆ, "ಎಲ್ಲ ಹೂವೂ ತಾಜಾ ಇರಬೇಕು. ಗಂಟೆ ಹೊಡೆದ ಮೇಲೆ ಯಾರೂ ಮುಟ್ಟೋ ಹಾಗಿಲ್ಲ. ಕೇಳಿಸ್ತಾ?" ಎನ್ನುತ್ತಿದ್ದರು. ಕೇಳಿಸಿತು. ನನಗೆ ಕೇಳಿಸಿತು.

ಮೆಲ್ಬರ್ನ್‌ನಲ್ಲಿ ಹಿಲ್ಡಾ ಬಾಯಿಯ ದೊಡ್ಡ ಬಳಗವಿತ್ತು, ಡ್ಯಾಂಡಿನಾಂಗ್ ಆಸುಪಾಸಿನಲ್ಲಿ. ಈಗ ಕ್ಲೈಡ್ ನಾರ್ತ್ ಎಂದು ನಮ್ಮವರೆಲ್ಲ ಮನೆ ಕೊಳ್ಳುತ್ತಿರುವ ಕಡೆ ಆಗ ಹಸುಗಳಿದ್ದವು. ಹಿಲ್ಡಾ ಬಾಯಿಯ ಚಿಕ್ಕಮ್ಮ, ಎಲ್ಲರೂ ಎಮಿಲಿ ಮಾವ್ಶಿ ಎನ್ನುತ್ತಿದ್ದ ಹಿರಿಯರು, ನಮಗೆ ಮೀನು ಸಾರು ಬಡಿಸಿದರು (ನನಗೆ ಬೇರೆ ಸಾರು), ಮರಿಯಮ್ಮನನ್ನು ಟವೆಲ್ಲಿನಿಂದ ಬಿಡಿಸಿ ನೋಡಿ ಕಣ್ಣೊರೆಸಿಕೊಂಡರು, ನಾಳೆ ಎಲ್ಲರೂ ಬರುತ್ತೇವೆ ಎಂದರು. ಆ ವರ್ಷ ಸಂಘಟಕರು ಹೊಸ ಪದ್ಧತಿ ತಂದಿದ್ದರು: ಮುಂಚಿನಂತೆ ಬಾಗಿಲು ಹಾಕಿಕೊಂಡು ತೀರ್ಪು ಕೊಡುವುದಲ್ಲ, ಜನರ ಎದುರೇ ತೀರ್ಪುಗಾರರು ಒಂದೊಂದರ ಮುಂದೆ ನಿಂತು ನೋಡಬೇಕು.

ಬೆಳಿಗ್ಗೆ ಸಭಾಂಗಣದಲ್ಲಿ ನಮಗೆ ಬೂದು ಬಣ್ಣದ ಒಂದು ಗೂಡು, ಮೂರು ಕಡೆ ಹಲಗೆ ನಿಲ್ಲಿಸಿದ ಜಾಗ, ಕೊಟ್ಟರು. ಎಡಗಡೆ ಗೂಡಿನಲ್ಲಿ ಗುಲಾಬಿ ಹೊದ್ದ ಗಿಟಾರ್. ಬಲಗಡೆ ಬಲ್ಲಾರಟ್‌ನ ಒಬ್ಬ ಗಡ್ಡದವನು ಕೆಂಪು ಕಾರ್ನೇಷನ್‌ಗಳಿಂದ ಹೋರಿಯ ತಲೆ ಮಾಡುತ್ತಿದ್ದ. ಎದುರಿಗೆ ಸೊಂಬ್ರೆರೊಗಳ ಸಾಲು. ಎಲ್ಸಾ ಆ ಕಡೆಗೆ ಬೆನ್ನು ಹಾಕಿ ಕೂತು ಪೋಣಿಸಿದಳು. ನಾವಿಬ್ಬರೂ ಮೂರು ಗರಿಗಳನ್ನು ಎತ್ತಿ ನಿಲ್ಲಿಸಿದೆವು. ಕೆಳಗೆ ಮರಿಯಮ್ಮ. ನೆಲ ಖಾಲಿ ಅನ್ನಿಸಿತು. ಪೋಣಿಸಿ ಉಳಿದ ಹೂವಿನ ಎಸಳುಗಳನ್ನು ಬಣ್ಣ ಬೇರ್ಪಡಿಸಿ, ಎಮಿಲಿ ಮಾವ್ಶಿಯ ಮನೆಯಿಂದ ತಂದ ಸ್ಟೀಲ್ ತಟ್ಟೆಗಳಲ್ಲಿ ಸಪಾಟಾಗಿ ತುಂಬಿ, ಮುಂದೆ ಸಾಲಾಗಿ ಇಟ್ಟೆ. ಮೇಲೆ ತೂಗಾಡುವ ಬಣ್ಣ, ಕೆಳಗೆ ಅಲುಗದ ಬಣ್ಣ. ಮರ್ಲ್ ಟೇಪಿನಿಂದ ಅಳೆದು, ಗೂಡಿನ ಗಡಿ ದಾಟಿಲ್ಲ ಎಂದರು. ಗಂಟೆ ಹೊಡೆಯಿತು. ಕೈ ತೆಗೆದೆವು. ಬಾಗಿಲು ತೆರೆದು ಜನ ಒಳಗೆ ಬಂದರು.

ತೀರ್ಪುಗಾರರು ಆ ತುದಿಯಿಂದ ಶುರು ಮಾಡಿದ್ದರು, ನಮ್ಮದು ಈ ತುದಿ. ಆಗ ಎಮಿಲಿ ಮಾವ್ಶಿಯ ಬಳಗ ಬಂತು. ಹಬ್ಬದ ಸೀರೆ, ಫ್ರಾಕು, ತಲೆಗೆ ಲೇಸು, ತುಂಬ ಮಕ್ಕಳು. ಬಂದು ನೋಡಿದರು. ಮೊಂತಿ ಹಬ್ಬದ ದಿನಗಳು. ಮುಂದೆ ಶಿಶು ಮರಿಯಮ್ಮ. ಅವಳ ಮುಂದೆ ತಟ್ಟೆ ತಟ್ಟೆಯಾಗಿ ಬಿಡಿಸಿಟ್ಟ ಹೂವು. ಅವರ ಜಾಗದಲ್ಲಿ ಯಾರಿದ್ದರೂ ಏನು ತಿಳಿದುಕೊಳ್ಳುತ್ತಿದ್ದರು?

ಎಮಿಲಿ ಮಾವ್ಶಿ ಹಾಡು ಎತ್ತಿಕೊಂಡರು. ಹಿಂದಿದ್ದವರೆಲ್ಲ ಸೇರಿಕೊಂಡರು. ನನಗೆ ಸಂತೋಷವೇ ಆಯಿತು, ಹಾಡಿಗೇನು ನಿಯಮ. ಪಲ್ಲವಿ ಬಂತು. ಅಷ್ಟೂ ತಟ್ಟೆಗಳು ನೆಲದಿಂದ ಮೇಲೆದ್ದವು.

ಮೊದಲ ಹಿಡಿ ಗಾಳಿಯಲ್ಲಿದ್ದಾಗ ನಾನು "ಬೇಡ" ಎಂದೆ. ಕನ್ನಡದಲ್ಲಿ. ಎರಡನೆಯ ಪಲ್ಲವಿಗೆ ತಟ್ಟೆಗಳು ಅರ್ಧ ಖಾಲಿ. ಹಿಲ್ಡಾ ಬಾಯಿ ಕಾರ್ ಪಾರ್ಕಿನಿಂದ ಓಡಿಬಂದು ತಡೆಯುತ್ತಾರೆಂದುಕೊಂಡೆ; ಅವರು ಓಡಿಬಂದು ಹಾಡಿಗೆ ಸೇರಿಕೊಂಡರು. ("ಪಲ್ಲವಿ ಮಧ್ಯ ನಿಲ್ಲಿಸ್ಲಿಕ್ಕೆ ಆಗುದಿಲ್ಲ" ಎನ್ನುತ್ತಾರೆ ಈಗಲೂ.) ಎಲ್ಸಾ ಶಿಲುಬೆಯ ಗುರುತು ಮಾಡಿಕೊಂಡು, ನಿಲ್ಲಿಸಿದ್ದ ಗರಿಯನ್ನು ಬುಡದಿಂದ ಕಿತ್ತು ಎತ್ತಿ ಹಿಡಿದು ನಡೆಯತೊಡಗಿದಳು. ಕಡ್ಡಿಗಳು ತೂಗಾಡಿದವು. ಮಕ್ಕಳು ಅವಳ ಹಿಂದೆ ಹೊರಟರು. ಮೆರವಣಿಗೆಯಾಯಿತು. ನೋಡಲು ಬಂದ ಜನ ಇದು ಕಾರ್ಯಕ್ರಮದ ಭಾಗವೆಂದುಕೊಂಡು ದಾರಿ ಬಿಟ್ಟು ಚಪ್ಪಾಳೆ ತಟ್ಟಿದರು. ಹೂವು ಮುಗಿದಾಗ ಬಲ್ಲಾರಟ್‌ನವನು ತನ್ನ ಹೋರಿಯ ಒಂದು ಕಿವಿ ಕಿತ್ತು ಪುಡಿಮಾಡಿ ಮಕ್ಕಳಿಗೆ ಹಂಚಿದ. ಆಮೇಲೆ ಇನ್ನೊಂದು ಕಿವಿ.

ಮರ್ಲ್ ಟೇಪು ಬೀಸುತ್ತಾ "ಮುಟ್ಟಬೇಡಿ, ಗಂಟೆ ಆಗಿದೆ, ಮುಟ್ಟಬೇಡಿ" ಎಂದು ಕೂಗುತ್ತಾ ಬಂದರು. ಎಮಿಲಿ ಮಾವ್ಶಿ ಅವರನ್ನು ನೋಡಿ, ಪಾಪ ಇವರ ಕೈಗೆ ಹೂವು ಸಿಕ್ಕಿಲ್ಲ ಎಂದುಕೊಂಡು, ಉಳಿದಿದ್ದ ಒಂದು ತಟ್ಟೆಯನ್ನು ಕೈಗಿಟ್ಟರು. ಮರ್ಲ್ ತಟ್ಟೆಯನ್ನು ನೋಡಿದರು. ನನ್ನನ್ನು ನೋಡಿದರು. ಪಲ್ಲವಿ ಬಂತು. ಲಾನ್ ಬೌಲ್ಸ್ ಚೆಂಡನ್ನು ಬಿಡುವ ಹಾಗೆ ಒಂದು ಮೊಣಕಾಲು ಬಗ್ಗಿಸಿ, ಕೈಯನ್ನು ಹಿಂದಕ್ಕೆ ಒಯ್ದು, ಗುರಿ ನೋಡಿ ಎಸೆದರು. ಅಷ್ಟರಲ್ಲಿ ತೀರ್ಪುಗಾರರು ನಮ್ಮ ಗೂಡಿನ ಮುಂದೆ ಬಂದು ನಿಂತಿದ್ದರು. ಮುಖ್ಯ ತೀರ್ಪುಗಾರ್ತಿಯ ಟೋಪಿಯ ಅಂಚಿನ ತುಂಬ ಎಸಳು ನಿಂತಿತು. ಅವರದನ್ನು ಕೊಡವಿಕೊಳ್ಳಲಿಲ್ಲ.

"ನಿಮ್ಮ ಡಿಸೈನ್ ಯಾವುದು?" ಎಂದು ನನ್ನನ್ನು ಕೇಳಿದರು.

ಗೂಡಿನಲ್ಲಿ ಉಳಿದದ್ದು ಹೂವಿನಲ್ಲಿ ಕುತ್ತಿಗೆಯವರೆಗೆ ಮುಳುಗಿದ ಮರಿಯಮ್ಮ, ಖಾಲಿ ತಟ್ಟೆಗಳು. ಡಿಸೈನ್ ಸಭಾಂಗಣದ ಇನ್ನೊಂದು ತುದಿಯಲ್ಲಿ ಹಾಡುತ್ತಾ ತಿರುಗಿಬರುತ್ತಿತ್ತು. ನಾನು ಆ ಕಡೆ ಕೈ ತೋರಿಸಿದೆ. ನಗು ತಡೆಯಲಾಗಲಿಲ್ಲ. ಅಳುತ್ತಿದ್ದೆ ಎನ್ನುತ್ತಾರೆ ಹಿಲ್ಡಾ ಬಾಯಿ.

ತೀರ್ಪುಗಾರ್ತಿ ಒಂದು ಕಾರ್ಡ್ ತೆಗೆದು ಇಂಗ್ಲಿಷಿನ ಮೂರು ಅಕ್ಷರ ಬರೆದು ತಟ್ಟೆಗೆ ಒರಗಿಸಿದರು: ಎನ್ಎಎಸ್. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಬೇಕು. ನಿಯಮಕ್ಕೆ ಹೊಂದದ್ದು ಎಂದರ್ಥ; ಅಂಥದ್ದಕ್ಕೆ ಅಂಕ ಹಾಕುವುದೇ ಇಲ್ಲ, ಮುಂದಿನದಕ್ಕೆ ಹೋಗುತ್ತಾರೆ. ಮುಂದಿನದು ಕಿವಿಯಿಲ್ಲದ ಹೋರಿ. ಅದಕ್ಕೂ ಅದೇ ಕಾರ್ಡ್.

ಗಿಟಾರ್ ಗೆದ್ದಿತು.

ಸಿಡ್ನಿಗೆ ವಾಪಸ್ ಬರುವಾಗ ವ್ಯಾನಿನಲ್ಲಿ ಎಲ್ಸಾ ಮರಿಯಮ್ಮನ ಟವೆಲ್ಲಿನ ಮಡಿಕೆಗಳಿಂದ ಎಸಳು ಆರಿಸುತ್ತಿದ್ದಳು. ನಾನು ಮನಸ್ಸಿನಲ್ಲೇ ಲ್ಯಾಬಿನ ಬಿಳಿ ಕೋಟು ಹಾಕಿಕೊಳ್ಳುತ್ತಿದ್ದೆ. ಎಲ್ಲೋ ಕಾಫಿಗೆ ನಿಲ್ಲಿಸಿದಾಗ ಮರ್ಲ್ ನಿಯಮಪುಸ್ತಕ ತೆರೆದು, ಒಂದು ಪುಟವನ್ನು ಎರಡು ಸಲ ಓದಿ, ಮುಚ್ಚಿದರು.

"ನಾನು ಹೇಳಿದ್ದೇನು? ತೀರ್ಪುಗಾರರು ಸೋಲಿಸಿದ್ರೆ ಅಂತ ಅಲ್ವಾ?"

"ಹೌದು."

"ನಿನಗೆ ಅಂಕ ಹಾಕಿದ್ರಾ?"

"ಇಲ್ಲ."

"ಅಂಕ ಹಾಕದೆ ಸೋಲಿಸೋಕಾಗಲ್ಲ ಲವ್. ನಿಯಮ ನಿಯಮನೇ." ಕಾಫಿ ಲೋಟ ಕೆಳಗಿಟ್ಟರು. "ಕಿಟಕಿ ನಿನ್ನದು. ಕಮೋಡ್ ಮಾತ್ರ ಬೇಡ, ಅದು ಮಾತಿಗೆ ಹೇಳಿದ್ದು."

"ಮೊದಲ ಮೂರರಲ್ಲಿ ಕೂಡ ಬರ್ಲಿಲ್ಲ ಅಲ್ವಾ ಇವಳು?" ಎಂದರು ಹಿಲ್ಡಾ ಬಾಯಿ.

"ನೀನು ಗಾಡಿ ಓಡಿಸು" ಎಂದರು ಮರ್ಲ್.

ಲ್ಯಾಬಿನವರಿಗೆ ಬರುವುದಿಲ್ಲ ಎಂದು ಹೇಳಿದೆ. ಮರ್ಲ್ ಅಂಗಡಿ ಮಾರಿ ಕ್ವೀನ್ಸ್‌ಲ್ಯಾಂಡಿಗೆ ಹೋದರು, ಹೊಸ ಮಾಲೀಕರು ಬಂದರು, ನಾನು ನಿವೃತ್ತಳಾಗುವ ತನಕ ಆ ಕಿಟಕಿಯಲ್ಲಿ ಏನೇನೋ ಮಾಡಿದೆ. ಕೆಲವು ಚೆನ್ನಾಗಿದ್ದವು, ಕೆಲವನ್ನು ಸಂಜೆಯೊಳಗೆ ತೆಗೆಯಬೇಕಾಯಿತು.

ಮೇಘನಾ ಕೇಳಿದಳು, "ಆದ್ರೆ ಆಂಟಿ, ಜಡ್ಜ್ ಮಾಡಿದ್ರೆ ನಿಮ್ದೇ ವಿನ್ ಆಗ್ತಿತ್ತು ಅಲ್ವಾ?" ಹಿಲ್ಡಾ ಬಾಯಿಯ ಬಳಗದವರು ತೆಗೆದ ಫೋಟೋಗಳಲ್ಲಿ ಇರುವುದೆಲ್ಲ ಹಾರುವ ಎಸಳು ಮತ್ತು ಜನರ ಬೆನ್ನು. ಗರಿಗಳು ನೆಟ್ಟಗೆ ನಿಂತು ತಟ್ಟೆಗಳು ತುಂಬಿದ್ದಾಗ ಅದನ್ನು ಸರಿಯಾಗಿ ನೋಡಿದ್ದು ಮರ್ಲ್ ಒಬ್ಬರೇ, ಅವರು ನೋಡಿದ್ದು ಅಗಲ ಮತ್ತು ಎತ್ತರ. ನಾನಂತೂ ಗಂಟೆ ಹೊಡೆಯುವ ತನಕ ಅದರ ಒಳಗೇ ತಲೆ ಹಾಕಿಕೊಂಡಿದ್ದೆ, ದೂರ ನಿಂತು ನೋಡಲು ಆಗಲಿಲ್ಲ. ಅದು ಒಳ್ಳೆಯ ಕೆಲಸವಾಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.